ಕ್ಲಾಪ್ ಬೋರ್ಡು ಹಿಡಿದವನ ಕೂಲಿ ಎಷ್ಟು?

(ಭದ್ರಾವತಿಯಲ್ಲಿ ಭಾನುವಾರ ಸಂಜೆ ಸೇರಿದ ಕಾರ್ಮಿಕರ ಮತ್ತು ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ಸಭೆಗೆ ಸಿನಿಮಾದ ವಿಷಯ ಇಟ್ಟುಕೊಂಡಿದ್ದೇವೆ ಎಂದು ತಿಳಿದಾಗ ಒಂದಿಬ್ಬರು ನಕ್ಕರು. "ಏನು ಮೇಷ್ಟ್ರೇ, ಕಾರ್ಖಾನೆ ಉಳಿಯುತ್ತೋ ಇಲ್ಲವೋ ಅಂತ ನಾವು ತಲೆ ಮೇಲೆ ಕೈ ಹೊತ್ತು ಕೂತಿದ್ದರೆ ನೀವು ಸಿನಿಮಾ ಅಂತೀರಲ್ಲ" ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ಕಾರ್ಖಾನೆಯ ಗೇಟಿಗೂ ಸಿನಿಮಾಕ್ಕೂ ಇರುವ ಸಂಬಂಧವನ್ನು ನಾವು ಊಹಿಸಿ ಹೇಳುತ್ತಿಲ್ಲ. ಅದು ಕಳೆದ ಸೋಮವಾರ ನಮ್ಮ ಮನೆಯ ಜಗಲಿಗೇ ಬಂದು ಕೂತಿತ್ತು.

ಬಂದವರು ಕಬ್ಬಿಣದ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿದವರು. ಹೆಸರು ಬೇಡ, ಅವರು ಈ ಸಭೆಯಲ್ಲೇ ಇದ್ದಾರೆ. ಅವರ ಮಗನಿಗೆ ಇಪ್ಪತ್ತೆರಡು ವರ್ಷ. ಪದವಿ ಮುಗಿದಿದೆ, ಕೆಲಸವಿಲ್ಲ. ಬೆಂಗಳೂರಿನಲ್ಲಿ ಯಾರೋ ಒಬ್ಬರು ಅವನಿಗೆ ಸಿನಿಮಾದಲ್ಲಿ ಸಹಾಯಕ ನಿರ್ದೇಶಕನ ಕೆಲಸ ಕೊಡಿಸುವುದಾಗಿ ಹೇಳಿದ್ದಾರೆ. ಅದಕ್ಕೆ ಅರವತ್ತು ಸಾವಿರ ರೂಪಾಯಿ ಮುಂಗಡ ಕಟ್ಟಬೇಕಂತೆ. ಆರು ತಿಂಗಳು ಸಂಬಳವಿಲ್ಲ, ಆಮೇಲೆ ನೋಡೋಣ ಅಂದಿದ್ದಾರಂತೆ. "ಸೊಸೈಟಿಯಲ್ಲಿ ಸಾಲ ಸಿಗುತ್ತೆ ಮೇಷ್ಟ್ರೇ, ಕಟ್ಟಲೋ ಬೇಡವೋ, ನೀವೇ ಹೇಳಿ" ಎಂದು ಅವರು ಕೇಳಿದರು.

ಅವರಿಗೆ ಅಂದೇ "ಕಟ್ಟಬೇಡಿ" ಎಂದೆವು. ಆದರೆ ಯಾಕೆ ಕಟ್ಟಬಾರದು, ಹುಡುಗ ಹೋಗಲೇಬಾರದೋ, ಹೋಗುವುದಾದರೆ ಹೇಗೆ ಹೋಗಬೇಕು ಎಂಬುದನ್ನು ನಾಲ್ಕು ಜನರ ಮುಂದೆ ಹೇಳಬೇಕು ಎನಿಸಿತು. ಏಕೆಂದರೆ ಇದೇ ಪ್ರಶ್ನೆಗೆ ಕೆಲವು ವರ್ಷಗಳ ಹಿಂದೆ ನಾವು ತಪ್ಪು ಉತ್ತರ ಕೊಟ್ಟಿದ್ದೇವೆ. ಆ ಕಥೆಗೆ ಆಮೇಲೆ ಬರುತ್ತೇವೆ.

ಮೊದಲು ಈ ಕೆಲಸ ಎಂಥದು ಎಂದು ನೋಡೋಣ. ತೆರೆಯ ಮೇಲೆ ನಾಯಕ ನಾಯಕಿ ಕಾಣುತ್ತಾರೆ, ನಿರ್ದೇಶಕರ ಹೆಸರು ದೊಡ್ಡದಾಗಿ ಬರುತ್ತದೆ. ಆದರೆ ಬೆಳಗಿನ ಜಾವ ಐದಕ್ಕೆ ಎದ್ದು ಲಾಡ್ಜಿನ ಬಾಗಿಲು ಬಾಗಿಲಿಗೂ ತಟ್ಟಿ ಯೂನಿಟ್ಟಿನವರನ್ನು ಎಬ್ಬಿಸುವವನು ಸಹಾಯಕ. ಯಾವ ದಿನ ಯಾವ ದೃಶ್ಯ, ಅದಕ್ಕೆ ಯಾವ ನಟ, ಯಾವ ಸೀರೆ, ಯಾವ ಗಾಡಿ ಬೇಕು ಎಂದು ಪಟ್ಟಿ ಬರೆಯುವವನು ಅವನು. ನಟರಿಗೆ ಮಾತು ಹೇಳಿಕೊಡುವವನು, ಕ್ಯಾಮೆರಾದ ಮುಂದೆ ಕ್ಲಾಪ್ ಬೋರ್ಡು ಹಿಡಿಯುವವನು, ರಸ್ತೆಯ ಎರಡು ತುದಿಯಲ್ಲಿ ಜನರನ್ನು ಕೈಮುಗಿದು ತಡೆಯುವವನು ಅವನೇ. ಬೆಳಿಗ್ಗೆ ತೆಗೆದ ದೃಶ್ಯದಲ್ಲಿ ನಾಯಕಿಯ ಬಲಗೈಯಲ್ಲಿ ಕೊಡವಿದ್ದರೆ, ಎರಡು ದಿನ ಬಿಟ್ಟು ಅದೇ ದೃಶ್ಯ ಮುಂದುವರಿಸುವಾಗಲೂ ಬಲಗೈಯಲ್ಲೇ ಇರಬೇಕು. ಅದನ್ನು ನೆನಪಿಟ್ಟು ಬರೆದುಕೊಳ್ಳುವುದು ಅವನ ಹೊಣೆ. ತಪ್ಪಿದರೆ ಎಲ್ಲರೆದುರು ಬೈಗುಳ ಅವನಿಗೆ. ಚಿತ್ರೀಕರಣ ಮುಗಿದ ಮೇಲೆ ಸಂಕಲನ, ಡಬ್ಬಿಂಗು ಎಂದು ಇನ್ನೂ ಹಲವು ತಿಂಗಳ ದುಡಿಮೆ ಇರುತ್ತದೆ.

ಕಾರ್ಖಾನೆಯಲ್ಲಿ ದುಡಿದ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಮೇಸ್ತ್ರಿ, ಹಾಜರಿ ಬರೆಯುವ ಗುಮಾಸ್ತೆ, ಸ್ಟೋರಿನವನು, ಹೆಲ್ಪರು, ಈ ನಾಲ್ವರ ಕೆಲಸವನ್ನೂ ಒಬ್ಬನೇ ಮಾಡುತ್ತಾನೆ. ಕಾರ್ಖಾನೆಯಲ್ಲಿ ಈ ನಾಲ್ವರಿಗೂ ಸಂಬಳದ ಚೀಟಿ ಇತ್ತು. ಅವನಿಗೆ ಇಲ್ಲ.

ಇದು ಕೀಳು ಕೆಲಸವಲ್ಲ ಎಂಬುದನ್ನೂ ಹೇಳಬೇಕು. ಕನ್ನಡದ ದೊಡ್ಡ ನಿರ್ದೇಶಕರಲ್ಲಿ ಅನೇಕರು ಈ ಬಾಗಿಲಿನಿಂದಲೇ ಒಳಗೆ ಬಂದವರು. ಪುಟ್ಟಣ್ಣ ಕಣಗಾಲ್ ಬಡತನದಲ್ಲಿ ಹತ್ತಾರು ಕೆಲಸ ಮಾಡಿ, ಬಿ. ಆರ್. ಪಂತುಲು ಅವರ ಕೈಕೆಳಗೆ ಕಲಿತು, ೧೯೬೭ರಲ್ಲಿ 'ಬೆಳ್ಳಿಮೋಡ' ಮಾಡಿದರು. ತಮಿಳಿನ ಭಾರತಿರಾಜಾ ನಮ್ಮ ಪುಟ್ಟಣ್ಣನವರಲ್ಲಿ ಸಹಾಯಕರಾಗಿದ್ದವರು. ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ ಕಾಸರವಳ್ಳಿ ಅವರು ಬಿ. ವಿ. ಕಾರಂತರ 'ಚೋಮನ ದುಡಿ'ಯಲ್ಲಿ ಸಹಾಯಕರಾಗಿ ದುಡಿದು, ೧೯೭೭ರಲ್ಲಿ 'ಘಟಶ್ರಾದ್ಧ' ತೆಗೆದು ರಾಷ್ಟ್ರದ ಸ್ವರ್ಣಕಮಲ ತಂದರು. ಇದೇ ಭದ್ರಾವತಿಯ ಎಸ್. ನಾರಾಯಣ್ ಸಹಾಯಕರಾಗಿ ವರ್ಷಗಟ್ಟಲೆ ದುಡಿದು ೧೯೯೨ರಲ್ಲಿ 'ಚೈತ್ರದ ಪ್ರೇಮಾಂಜಲಿ'ಯ ನಿರ್ದೇಶಕರಾದರು. ನಟ ದೊಡ್ಡಣ್ಣ ನಮ್ಮ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ ನಾಟಕ ಆಡಿದವರು ಎಂಬುದು ಇಲ್ಲಿನ ಹಿರಿಯರಿಗೆ ಗೊತ್ತು. ಆದ್ದರಿಂದ ನಮ್ಮ ಹುಡುಗರಿಗೆ ಈ ಆಸೆ ಹುಟ್ಟಿದರೆ ಅದು ಹುಚ್ಚಲ್ಲ.

ಆಸೆ ಹಳೆಯದು. ಅದರ ಹಿಂದಿನ ಒತ್ತಡ ಮಾತ್ರ ಹೊಸದು. ೧೯೨೩ರಲ್ಲಿ ಇಲ್ಲಿ ಕಬ್ಬಿಣ ಕರಗತೊಡಗಿತು. ೧೯೩೬ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಅಪ್ಪನ ಹಿಂದೆ ಮಗ, ಮಗನ ಹಿಂದೆ ಮೊಮ್ಮಗ ಆ ಗೇಟುಗಳೊಳಗೆ ಹೋದರು. ಯಾರಿಗಾದರೂ ನಾಟಕದ ಹುಚ್ಚಿದ್ದರೆ ಪಾಳಿ ಮುಗಿಸಿ ಬಂದು ರಾತ್ರಿ ಬಣ್ಣ ಹಚ್ಚುತ್ತಿದ್ದರು. ಹೊಟ್ಟೆಗೆ ಗೇಟು, ಮನಸ್ಸಿಗೆ ರಂಗ. ೨೦೧೫-೧೬ರ ಹೊತ್ತಿಗೆ ಕಾಗದದ ಕಾರ್ಖಾನೆ ನಿಂತಿತು. ೨೦೨೩ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ತಿಂಗಳುಗಟ್ಟಲೆ ಕೂತದ್ದು ನಿಮಗೆ ನಾವು ಹೇಳಬೇಕಾದದ್ದಲ್ಲ, ಕೂತವರೇ ನೀವು. ಹೊಟ್ಟೆಯ ಗೇಟು ಅಲುಗಾಡಿದಾಗ ಹುಡುಗರು ಹೊಟ್ಟೆಯನ್ನೂ ಮನಸ್ಸನ್ನೂ ಒಂದೇ ಚೀಲದಲ್ಲಿ ತುಂಬಿಕೊಂಡು ರಾತ್ರಿಯ ಬಸ್ಸು ಹತ್ತುತ್ತಾರೆ. ಹಾಗೆ ಹತ್ತುವವನು ಷರತ್ತು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಇದನ್ನು ಅಲ್ಲಿರುವವರು ಚೆನ್ನಾಗಿ ಬಲ್ಲರು.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಆಳು ತೆಗೆದುಕೊಳ್ಳುವ ರೀತಿ ಹೇಗೆ? ಪತ್ರಿಕೆಯಲ್ಲಿ ಪ್ರಕಟಣೆ ಇರುವುದಿಲ್ಲ, ಅರ್ಜಿ ಇರುವುದಿಲ್ಲ, ಇಂಥಿಷ್ಟು ಸಂಬಳ ಎಂದು ಯಾವ ಗೋಡೆಯ ಮೇಲೂ ಬರೆದಿರುವುದಿಲ್ಲ. ಹಿಂದೆ ಗಾಂಧಿನಗರದ ಹೋಟೆಲುಗಳ ಮುಂದೆ ನಿಂತವರಿಗೆ ಯಾರೋ ಪರಿಚಯದವರು ಸಿಕ್ಕಿ, ಅವರು ಇನ್ನೊಬ್ಬರಿಗೆ ಹೇಳಿ, ಕೆಲಸ ಸಿಗುತ್ತಿತ್ತು. ಈಗ ಸಿನಿಮಾ ಕಚೇರಿಗಳು ಊರಿನ ನಾನಾ ಬಡಾವಣೆಗಳಿಗೆ ಹಂಚಿಹೋಗಿವೆ, ಮಾತು ಮೊಬೈಲಿನಲ್ಲಿ ನಡೆಯುತ್ತದೆ. ಆದರೆ ಪದ್ಧತಿ ಅದೇ: "ನಾಳೆ ಬಾ, ನೋಡೋಣ." ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಚಿತ್ರಗಳು ತೆರೆಗೆ ಬಂದ ವರ್ಷಗಳಿವೆ. ಒಂದು ಚಿತ್ರಕ್ಕೆ ಮೂರು ನಾಲ್ಕು ಜನ ಸಹಾಯಕರು ಎಂದರೂ ಎಷ್ಟು ನೂರು ಹುಡುಗರು ಈ 'ನಾಳೆ ಬಾ'ದಲ್ಲಿ ಬದುಕುತ್ತಾರೆ ಎಂದು ನೀವೇ ಲೆಕ್ಕ ಹಾಕಿ.

ಈಗ ನಮ್ಮ ಕಥೆ ಹೇಳುತ್ತೇವೆ.

ನಾವು ಓದಿದ್ದು ಮೆಟ್ರಿಕ್ಕಿನವರೆಗೆ. ಸಣ್ಣದೊಂದು ಶಾಲೆಯಲ್ಲಿ ಕೆಲವು ವರ್ಷ ಮೇಷ್ಟರಾಗಿದ್ದೆವು. ಆಗ ನಮ್ಮಲ್ಲಿ ಕಲಿತ ಹುಡುಗನೊಬ್ಬನಿದ್ದ. ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಬರೆಯುವವನು, ಪರದೆ ಕಟ್ಟುವವನು, ಮಾತು ಮರೆತವನಿಗೆ ಹಿಂದಿನಿಂದ ಹೇಳಿಕೊಡುವವನು ಎಲ್ಲವೂ ಅವನೇ. ೨೦೧೬ರಲ್ಲಿ ಅವನು ಬೆಂಗಳೂರಿಗೆ ಹೋದ, ಒಂದು ಚಿತ್ರಕ್ಕೆ ಸಹಾಯಕನಾಗಿ ಸೇರಿದ. ಕೆಲಸ ಮುಗಿದ ಮೇಲೆ ಮೂವತ್ತು ಸಾವಿರ ಕೊಡುವುದಾಗಿ ಬಾಯಿಮಾತು. ಚಿತ್ರೀಕರಣದ ದಿನಗಳಲ್ಲಿ ಮಾತ್ರ ದಿನಕ್ಕೆ ಇನ್ನೂರು ರೂಪಾಯಿ ಬಾಟಾ. ಆ ಚಿತ್ರಕ್ಕೆ ಅವನು ದುಡಿದದ್ದು ಹದಿನಾಲ್ಕು ತಿಂಗಳು. ಅದರಲ್ಲಿ ಚಿತ್ರೀಕರಣ ನಡೆದದ್ದು ನಲವತ್ತೊಂದು ದಿನ. ಒಟ್ಟು ಕೈಗೆ ಬಂದದ್ದು ಎಂಟು ಸಾವಿರದ ಇನ್ನೂರು ರೂಪಾಯಿ. ಹದಿನಾಲ್ಕು ತಿಂಗಳಿಗೆ ಭಾಗಿಸಿ ನೋಡಿ, ತಿಂಗಳಿಗೆ ಆರು ನೂರು ಬೀಳುವುದಿಲ್ಲ. ಮೂವರು ಸೇರಿ ಹಿಡಿದ ಕೋಣೆಯಲ್ಲಿ ಅವನ ಪಾಲಿನ ಬಾಡಿಗೆಯೇ ತಿಂಗಳಿಗೆ ಎರಡು ಸಾವಿರ. ಅದನ್ನು ಕಳಿಸುತ್ತಿದ್ದವರು ಇಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದ ಅವನ ತಂದೆ.

ನಡುವೆ ಒಮ್ಮೆ ಊರಿಗೆ ಬಂದವನು ನಮ್ಮನ್ನು ಕೇಳಿದ: "ಸಾರ್, ಸಂಬಳ ಕೇಳಲೋ ಬೇಡವೋ? ಕೇಳಿದರೆ ಕೆಲಸದಿಂದ ತೆಗೀತಾರೆ ಅಂತಾರೆ." ನಾವು ದೊಡ್ಡ ತಿಳಿದವರಂತೆ, "ಕಲಿಯುವ ಕಾಲದಲ್ಲಿ ಕಾಸಿನ ಮಾತು ಆಡಬಾರದಪ್ಪ, ಗುರುವಿನ ಮನಸ್ಸು ಗೆಲ್ಲು" ಎಂದೆವು. ಕಾರ್ಖಾನೆಯ ಗುತ್ತಿಗೆದಾರ ಹೀಗೆಯೇ ಹೇಳಿದ್ದರೆ ಗೇಟಿನ ಮುಂದೆ ಭಾಷಣ ಮಾಡುತ್ತಿದ್ದ ನಾವೇ ಈ ಮಾತನ್ನು ಆಡಿದೆವು. ಸಿನಿಮಾ ಎಂದಕೂಡಲೇ ದುಡಿಮೆಯೆಂಬುದು ನಮಗೆ ದುಡಿಮೆಯಾಗಿ ಕಾಣಲಿಲ್ಲ.

೨೦೧೭ರಲ್ಲಿ ಅದೇ ಯೂನಿಟ್ಟು ಹತ್ತೊಂಬತ್ತು ದಿನದ ಚಿತ್ರೀಕರಣಕ್ಕೆ ನಮ್ಮ ಮಲೆನಾಡಿನ ಕಡೆಗೇ ಬಂತು. ಮಲೆನಾಡಿಗೆ ಸಿನಿಮಾ ಬರುವುದು ಹೊಸತಲ್ಲ. ೧೯೮೬ರ ಹೊತ್ತಿಗೆ ಶಂಕರನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದಾಗ ಆ ಊರಿನವರೇ ಅದರೊಳಗೆ ಪಾತ್ರಗಳಾದರು, ಇಂದಿಗೂ ಜನ ಅದನ್ನು ಪ್ರೀತಿಯಿಂದ ನೆನೆಯುತ್ತಾರೆ. ನಾವೂ ಅಂಥದೇ ಒಂದು ಹಬ್ಬ ಎಂದುಕೊಂಡೆವು. ಹುಡುಗ ಇಲ್ಲಿಯವನಲ್ಲವೇ? ಅವನಿಗೆ ಹೊಸ ಹೊಣೆ ಬಂತು. "ನಿನ್ನ ಊರು, ನಿನಗೆ ಗೊತ್ತಿರುವವರು, ಸ್ವಲ್ಪ ಹೇಳು" ಎಂದರು. ಅವನು ಮೆಸ್ಸಿನ ಅಮ್ಮನಿಗೆ ಹೇಳಿದ, ಜೀಪಿನವರಿಗೆ ಹೇಳಿದ, ಶಿವಮೊಗ್ಗದ ಬಟ್ಟೆ ಅಂಗಡಿಯವರಿಗೆ ಹೇಳಿದ. ಎಲ್ಲರೂ ಹುಡುಗನ ಮುಖ ನೋಡಿ ಸಾಲ ಕೊಟ್ಟರು. ಇಪ್ಪತ್ತನೆಯ ದಿನ ಬೆಳಿಗ್ಗೆ ಯೂನಿಟ್ಟು ಹೋಗಿತ್ತು. ಮೆಸ್ಸಿಗೆ ನಲವತ್ತಾರು ಸಾವಿರ, ಜೀಪಿಗೆ ಇಪ್ಪತ್ತಮೂರು ಸಾವಿರ, ಬಟ್ಟೆ ಅಂಗಡಿಗೆ ಹನ್ನೊಂದು ಸಾವಿರದ ನಾನೂರು ಬಾಕಿ ಉಳಿದಿತ್ತು.

ಸಾಲ ಕೊಟ್ಟವರು ಎಲ್ಲಿಗೆ ಬರುತ್ತಾರೆ? ಬೆಂಗಳೂರಿನ ಕಚೇರಿ ಅವರಿಗೆ ಗೊತ್ತಿಲ್ಲ. ಹುಡುಗನ ಮನೆ ಗೊತ್ತು. ಮೆಸ್ಸಿನ ಅಮ್ಮ ಬಂದು ಹೊಸ್ತಿಲಲ್ಲಿ ಕೂತು, "ನಾನೂ ಸಾಲ ಮಾಡಿ ಅಕ್ಕಿ ತಂದವಳೇ ಕಣವ್ವ, ನಾನೇನು ಸಾವುಕಾರಳಲ್ಲ" ಎಂದು ಅತ್ತರು. ಹುಡುಗನ ತಾಯಿ ಕೈಯಲ್ಲಿದ್ದ ಎರಡು ಬಳೆ ಅಡವಿಟ್ಟು ಇಪ್ಪತ್ತು ಸಾವಿರ ಕೊಟ್ಟರು. ನಾವು ಇಬ್ಬರನ್ನು ಜೊತೆಗೆ ಕರೆದುಕೊಂಡು ಬೆಂಗಳೂರಿಗೆ ಮೂರು ಸಲ ಹೋದೆವು. ಮೊದಲ ಸಲ ಬೀಗ. ಎರಡನೆಯ ಸಲ ಬೇರೆ ಬೋರ್ಡು. ಮೂರನೆಯ ಸಲ ಸಿಕ್ಕವರು ಹದಿನೈದು ಸಾವಿರ ಕೊಟ್ಟು, "ಇಷ್ಟೇ, ಮತ್ತೆ ಬರಬೇಡಿ" ಎಂದರು. ಆ ಹದಿನೈದು ಸಾವಿರವನ್ನೂ ಮೆಸ್ಸಿನ ಅಮ್ಮನಿಗೇ ಕೊಟ್ಟೆವು. ಜೀಪಿನವರಿಗೆ ಏನೂ ಬರಲಿಲ್ಲ. ಹುಡುಗನ ಮೂವತ್ತು ಸಾವಿರದ ಮಾತೆತ್ತಿದಾಗ, "ಅವನು ಕಲಿಯೋಕೆ ಬಂದವನು, ಅವನಿಗೆ ನಾವು ಕಲಿಸಿದ್ದೇವೆ, ಲೆಕ್ಕ ಮಾಡಿದರೆ ಅವನೇ ಕೊಡಬೇಕು" ಎಂದರು.

ಒಬ್ಬರಿಗೆ ಮಾತ್ರ ಪೂರ್ತಿ ಹಣ ಬಂತು. ಅವರು ಬಟ್ಟೆ ಅಂಗಡಿಯವರು. ಅದು ಹೇಗೆ? ಅವರು ಹಳೆಯ ಕಾಲದ ವ್ಯಾಪಾರಿ. ಸೀರೆ ಕೊಡುವಾಗಲೇ ಬಿಲ್ಲು ಬರೆದು, ಅದರ ಮೇಲೆ ಯೂನಿಟ್ಟಿನ ಮ್ಯಾನೇಜರನ ರುಜು, ತಾರೀಖು, ಕಚೇರಿಯ ವಿಳಾಸ ಹಾಕಿಸಿಕೊಂಡಿದ್ದರು. ಆ ಕಾಗದ ಹಿಡಿದು ವಕೀಲರಿಂದ ಒಂದು ನೋಟೀಸು ಕೊಡಿಸಿದರು. ಎರಡು ಕಂತಿನಲ್ಲಿ ಹಣ ಬಂತು. ಮಾಲು ಕೊಟ್ಟವರು ಮೂವರು, ದುಡಿಮೆ ಕೊಟ್ಟವನು ಒಬ್ಬ. ನಾಲ್ವರಲ್ಲಿ ಕಾಗದವಿದ್ದವನೊಬ್ಬನೇ ಉಳಿದ. ಅಂಗಡಿಯ ಸ್ನೇಹಿತರು ತಲೆಯಾಡಿಸುತ್ತಿದ್ದೀರಿ. ನಾವು ಪುಸ್ತಕದಲ್ಲಿ ಓದಿದ್ದಕ್ಕಿಂತ ಆ ಹನ್ನೊಂದು ಸಾವಿರದ ನಾನೂರರ ಬಿಲ್ಲಿನಿಂದ ಕಲಿತದ್ದು ಹೆಚ್ಚು.

ಚಿತ್ರ ಬಿಡುಗಡೆಯಾಗಿ ಶಿವಮೊಗ್ಗದಲ್ಲಿ ಒಂದು ವಾರ ಓಡಿತು. ನಾವು ಹುಡುಗನ ತಂದೆಯ ಜೊತೆ ಹೋಗಿ ನೋಡಿದೆವು. ಹೆಸರುಗಳು ಬರುವಾಗ ಅವರು ಕನ್ನಡಕ ಒರೆಸಿಕೊಂಡು ಕಾದರು. ಸಹಾಯಕ ನಿರ್ದೇಶಕರು ಎಂಬಲ್ಲಿ ನಾಲ್ಕು ಹೆಸರು ಬಂದವು. ಅವರ ಮಗನದು ಇರಲಿಲ್ಲ. ಹುಡುಗ ಈಗ ಮೊಬೈಲು ರಿಪೇರಿ ಅಂಗಡಿಯಲ್ಲಿದ್ದಾನೆ. ರಾತ್ರಿ ಕೂತು ಏನೋ ಬರೆಯುತ್ತಾನಂತೆ. ನಮ್ಮನ್ನು ಕಂಡರೆ ಮೊದಲಿನಂತೆಯೇ ನಮಸ್ಕಾರ ಮಾಡುತ್ತಾನೆ. ಆ ನಮಸ್ಕಾರ ತೆಗೆದುಕೊಳ್ಳುವಾಗ ನಮಗೆ ಮುಖ ಎತ್ತಲಾಗುವುದಿಲ್ಲ.

ಸಂಗಾತಿಗಳೇ, ನಮ್ಮ ಜಿಲ್ಲೆಗೆ ಒಂದು ಹಳೆಯ ಪಾಠವಿದೆ. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಹೊತ್ತಿಕೊಂಡದ್ದು ಒಂದು ಕೊಳಗದ ಮೇಲೆ. ಗೇಣಿಯ ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದು ಎಂಬುದೇ ಪ್ರಶ್ನೆ. ಅಳತೆ ಒಡೆಯರ ಕೈಯಲ್ಲಿದ್ದರೆ ಬೆಳೆದವನಿಗೆ ಎಷ್ಟು ಬೆಳೆದರೂ ಸಾಲದು. ಎಚ್. ಗಣಪತಿಯಪ್ಪನವರ ರೈತಸಂಘ ಅದನ್ನು ಎತ್ತಿತು. ಶಾಂತವೇರಿ ಗೋಪಾಲಗೌಡರು ಅದಕ್ಕೆ ಹೆಗಲು ಕೊಟ್ಟರು. ಡಾ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ದಸ್ತಗಿರಿಯಾದರು. ಅಂದು ಗೇಣಿದಾರರು ಬೇಡಿದ್ದು ಯಾರದೋ ದಯೆಯನ್ನಲ್ಲ. ಅಳತೆ ಎಲ್ಲರಿಗೂ ಗೊತ್ತಿರುವಂತೆ ನಿಗದಿಯಾಗಲಿ ಎಂದು ಕೇಳಿದರು. ಸಹಾಯಕ ನಿರ್ದೇಶಕನ ಕಥೆಯೂ ಅದೇ. ಅವನಿಗೆ ಕೊಳಗವೇ ಇಲ್ಲ. ಎಷ್ಟು ತಿಂಗಳು, ದಿನಕ್ಕೆ ಎಷ್ಟು ಗಂಟೆ, ಎಷ್ಟು ಹಣ, ಯಾವ ದಿನ ಕೊಡುವುದು, ತೆರೆಯ ಮೇಲೆ ಹೆಸರು ಬರುವುದೋ ಇಲ್ಲವೋ, ಈ ಐದೂ ಎದುರಿನವನ ಮನಸ್ಸಿನಲ್ಲಿರುತ್ತವೆ. ಅದೇ ಜಾಗದಲ್ಲಿ ಬೆಳಕು ಹಿಡಿಯುವ ಕಾರ್ಮಿಕನಿಗೆ ಇಷ್ಟು ಹೊತ್ತಿಗೆ ಒಂದು ಕಾಲ್‌ಶೀಟು ಎಂಬ ಅಳತೆ ಇದೆ. ಅವರು ಸಂಘ ಕಟ್ಟಿ ಗಳಿಸಿಕೊಂಡದ್ದು ಅದು.

ಹಾಗಾದರೆ ಕಾನೂನು ಇಲ್ಲವೇ? ಇದೆ. ೧೯೮೧ರಲ್ಲಿ ಪಾರ್ಲಿಮೆಂಟು ಸಿನಿಮಾ ಕೆಲಸಗಾರರಿಗಾಗಿ ಒಂದು ಕಾಯಿದೆ ಮಾಡಿತು. ಚಿತ್ರದ ಕೆಲಸಕ್ಕೆ ಯಾರನ್ನೇ ತೆಗೆದುಕೊಂಡರೂ ಬರಹದಲ್ಲಿ ಕರಾರು ಆಗಬೇಕು, ಅದು ಅಧಿಕಾರಿಯಲ್ಲಿ ನೋಂದಣಿಯಾಗಬೇಕು ಎಂದು ಅದು ಹೇಳಿತು. ನಟರು, ವಾದ್ಯದವರು ಮಾತ್ರವಲ್ಲ, ಕೌಶಲದ ಕೆಲಸ, ಮೈದುಡಿಮೆ, ಮೇಲ್ವಿಚಾರಣೆ, ತಾಂತ್ರಿಕ ಕೆಲಸ ಯಾವುದನ್ನು ಮಾಡಿದರೂ ಅವನು ಸಿನಿಮಾ ಕೆಲಸಗಾರನೇ. ಸಂಬಳದ ಒಂದು ಮಿತಿಯೊಳಗೆ ಇದ್ದರೆ ಸಾಕು. ನಮ್ಮ ಹುಡುಗ ಬೆಂಗಳೂರಿಗೆ ಹೋದಾಗ ಆ ಕಾಯಿದೆಗೆ ಮೂವತ್ತೈದು ವರ್ಷ ತುಂಬಿತ್ತು. ಅವನಿಗೂ ಗೊತ್ತಿರಲಿಲ್ಲ, ಅವನ ಮೇಷ್ಟರಿಗೂ ಗೊತ್ತಿರಲಿಲ್ಲ. ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಒಂದು ಈ ಹಳೆಯ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಆ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ದೊಡ್ಡ ತಕರಾರುಗಳಿವೆ, ಅದು ಇನ್ನೊಂದು ದಿನದ ಮಾತು. ಆದರೆ ಬರಹದ ಕರಾರು ಬೇಕೆಂಬ ಮಾತು ಅದರಲ್ಲಿಯೂ ಉಳಿದಿದೆ. ಸಿನಿಮಾಕ್ಕಷ್ಟೇ ಅಲ್ಲ, ಧಾರಾವಾಹಿ ಮೊದಲಾದವಕ್ಕೂ ಅದು ಅನ್ವಯಿಸುತ್ತದೆ.

ಪುಕ್ಕಟೆ ದುಡಿಮೆಯ ಬಗ್ಗೆ ನಮ್ಮ ಸಂವಿಧಾನದ ೨೩ನೇ ವಿಧಿ ಇದೆ. ೧೯೮೨ರಲ್ಲಿ ದೆಹಲಿಯ ಏಷ್ಯಾಡ್ ಕ್ರೀಡೆಗಳ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದು: ಹಸಿವು ಬಡತನಗಳ ಒತ್ತಾಯಕ್ಕೆ ಒಬ್ಬನು ಕನಿಷ್ಠ ಕೂಲಿಗಿಂತ ಕಡಮೆಗೆ ದುಡಿದರೆ ಅದೂ ಬಲವಂತದ ದುಡಿಮೆಯೇ. ಅವನು ತಾನಾಗಿಯೇ ಒಪ್ಪಿ ಬಂದನಲ್ಲ ಎಂಬ ಮಾತು ಅಲ್ಲಿ ನಿಲ್ಲಲಿಲ್ಲ. ಕರ್ನಾಟಕ ಸರ್ಕಾರವೂ ೨೦೨೪ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗಾಗಿ ಒಂದು ಕಾನೂನು ತಂದಿತು. ಟಿಕೆಟ್ಟಿನ ಮೇಲೆ ಶೇಕಡಾ ೧ರಿಂದ ೨ರಷ್ಟು ಉಪಕರ ಹಾಕಿ ಆ ಹಣದಿಂದ ನಿಧಿ ಮಾಡಬೇಕೆಂಬುದು ಅದರ ಉದ್ದೇಶ. ಒಳ್ಳೆಯದು. ಆದರೆ ನಿಧಿಯಿಂದ ಸಹಾಯ ಪಡೆಯಲು ತಾನು ಸಿನಿಮಾ ಕೆಲಸಗಾರನೆಂದು ತೋರಿಸಬೇಕಲ್ಲವೇ? ಕಾಗದದಲ್ಲಿ ಹೆಸರಿಲ್ಲದ, ತೆರೆಯ ಮೇಲೂ ಹೆಸರಿಲ್ಲದ ನಮ್ಮ ಹುಡುಗ ಏನು ತೋರಿಸಬೇಕು?

ಇದಕ್ಕೆ ಎದುರಾಗಿ ಮೂರು ಮಾತು ಹೇಳುವವರಿದ್ದಾರೆ. ಅವನ್ನೂ ಕೇಳಿ ಉತ್ತರ ಕೊಡಬೇಕು.

ಮೊದಲನೆಯದು, ಇದು ಗುರುಶಿಷ್ಯರ ಸಂಬಂಧ, ಕೂಲಿಯ ಮಾತು ತಂದು ಕೆಡಿಸಬೇಡಿ ಎಂಬುದು. ಗುರುಗಳ ಮನೆಯಲ್ಲಿ ಶಿಷ್ಯನು ಅಂಗಳ ಗುಡಿಸಿದ್ದು ನಿಜ, ಆದರೆ ಅಲ್ಲಿ ಅವನಿಗೆ ಎಲೆ ಹಾಕಿ ಅನ್ನ ಬಡಿಸುತ್ತಿದ್ದರು. ಹಳೆಯ ನಾಟಕ ಕಂಪೆನಿಗಳಲ್ಲಿಯೂ ಸೇರಿದ ಹುಡುಗನಿಗೆ ಊಟ, ಮಲಗಲು ಜಾಗ ಕಂಪೆನಿಯದೇ. ಇಲ್ಲಿ ಶಿಷ್ಯ ತಿನ್ನುವುದು ಭದ್ರಾವತಿಯಲ್ಲಿ ಬೆವರಿಳಿಸುವ ಅಪ್ಪನ ಅನ್ನ, ದುಡಿಯುವುದು ಬೆಂಗಳೂರಿನ ಬಂಡವಾಳಗಾರನಿಗೆ. ಕಲಿಯುವವನಿಗೆ ಹಣ ಕೊಡಬಾರದು ಎಂಬುದೂ ಸುಳ್ಳು. ೧೯೬೧ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಯಲ್ಲಿ ಕಲಿಯುವ ಹುಡುಗನಿಗೆ ತಿಂಗಳ ಭತ್ಯೆ ಕೊಡಲೇಬೇಕು. ಲೇತು ಕಲಿಯುವವನಿಗೆ ಸಲ್ಲುವ ನ್ಯಾಯ ಕ್ಯಾಮೆರಾದ ಹಿಂದೆ ಕಲಿಯುವವನಿಗೆ ಏಕೆ ಸಲ್ಲದು?

ಎರಡನೆಯದು, ಸಣ್ಣ ನಿರ್ಮಾಪಕರಿಗೆ ಹಣವಿಲ್ಲ, ಸಂಬಳ ಕೊಟ್ಟರೆ ಚಿತ್ರವೇ ನಿಲ್ಲುತ್ತದೆ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಮನೆ ಮಾರಿ ಚಿತ್ರ ತೆಗೆದು ಬೀದಿಗೆ ಬಂದವರೂ ಇದ್ದಾರೆ. ಆದರೆ ಅಂಥವರೂ ಕ್ಯಾಮೆರಾದ ಬಾಡಿಗೆ ಕೊಡುತ್ತಾರೆ, ಜನರೇಟರಿಗೆ ಡೀಸೆಲು ಹಾಕಿಸುತ್ತಾರೆ. ಡೀಸೆಲಿನವನು ಸಾಲ ಕೊಡುವುದಿಲ್ಲ, ಅದಕ್ಕೆ ಅವನಿಗೆ ಮೊದಲು. ಸಹಾಯಕ ಬಾಯಿ ಬಿಡುವುದಿಲ್ಲ, ಅದಕ್ಕೆ ಅವನಿಗೆ ಕೊನೆಗೆ, ಇಲ್ಲವೇ ಇಲ್ಲ. ಇದು ಹಣವಿಲ್ಲದ್ದಕ್ಕೆ ಆದದ್ದಲ್ಲ, ಯಾರ ಹಣವನ್ನು ತಡೆಯಬಹುದು ಎಂಬ ಲೆಕ್ಕದಿಂದ ಆದದ್ದು. ಅಂಗಡಿಯ ಸ್ನೇಹಿತರೇ, ನಿಮ್ಮನ್ನೂ ಅವರು ಆ ಲೆಕ್ಕದಲ್ಲಿ ಸಹಾಯಕನ ಪಕ್ಕದಲ್ಲೇ ಇಟ್ಟಿದ್ದಾರೆ ಎಂಬುದನ್ನು ಮರೆಯಬೇಡಿ.

ಮೂರನೆಯದು, ಒಬ್ಬ ಬೇಡವೆಂದರೆ ಹತ್ತು ಜನ ಪುಕ್ಕಟೆ ಬರಲು ಸಿದ್ಧರಿದ್ದಾರೆ ಎಂಬುದು. ಹೌದು, ಇದ್ದಾರೆ. ಯಾರು ಅವರು? ಬೆಂಗಳೂರಿನಲ್ಲಿ ಸ್ವಂತ ಮನೆಯಿರುವವರು, ಅಪ್ಪನ ಬಾಡಿಗೆ ಹಣದಲ್ಲಿ ನಾಲ್ಕು ವರ್ಷ ಕಾಯಬಲ್ಲವರು. ಕೊನೆಗೆ ನಿರ್ದೇಶಕರಾಗುವವರೂ ಅವರೇ. ಆಗ ತೆರೆಯ ಮೇಲೆ ಬರುವ ಬದುಕು ಯಾರದು? ಗೇಣಿದಾರನ ಮಗ, ಫರ್ನೇಸಿನ ಮುಂದೆ ನಿಂತವನ ಮಗಳು ತಮ್ಮ ಮನೆಯ ಕಥೆಯನ್ನು ತಾವೇ ಹೇಳುವ ದಿನ ಬರುವುದಿಲ್ಲ. ಶಿವಮೊಗ್ಗದ ಪಕ್ಕದ ಕೊನಗವಳ್ಳಿಯ ಪಿ. ಲಂಕೇಶರು ೧೯೭೬ರಲ್ಲಿ 'ಪಲ್ಲವಿ' ತೆಗೆದು ರಾಷ್ಟ್ರಪ್ರಶಸ್ತಿ ಪಡೆದಾಗ ಅವರಿಗೆ ಕಾಲೇಜಿನ ಪಾಠವೂ ಬರವಣಿಗೆಯೂ ಬೆನ್ನಿಗಿದ್ದವು. ಬೆನ್ನಿಗೆ ಏನೂ ಇಲ್ಲದವರಿಗೆ ಸಂಬಳವೇ ಬೆನ್ನು.

ಈಗ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಹೋಗುತ್ತಿದ್ದಾರೆ. ಹೋಗಲಿ, ಹೋಗಬೇಕು. ಕೇರಳ ಸರ್ಕಾರ ೨೦೧೭ರಲ್ಲಿ ನೇಮಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ ೨೦೨೪ರ ಆಗಸ್ಟಿನಲ್ಲಿ ಹೊರಬಂತು. ಬರಹದ ಕರಾರಿಲ್ಲದಿರುವುದು, ಚಿತ್ರೀಕರಣದ ಜಾಗದಲ್ಲಿ ಹೆಂಗಸರಿಗೆ ಕಕ್ಕಸು, ಬಟ್ಟೆ ಬದಲಾಯಿಸುವ ಜಾಗ ಇಲ್ಲದಿರುವುದು, ಅದಕ್ಕಿಂತ ಕೆಟ್ಟದ್ದು ಏನೇನು ನಡೆಯುತ್ತದೆ ಎಂಬುದೆಲ್ಲ ಅದರಲ್ಲಿದೆ. ಯಾವ ಕಾಗದವೂ ಇಲ್ಲದ ಕಡೆ ಮರ್ಯಾದೆಗೂ ಕಾವಲಿಲ್ಲ ಎಂಬುದು ಅದರಿಂದ ತಿಳಿಯುತ್ತದೆ.

ಬೇರೆ ದೇಶದಲ್ಲಿ ಹೇಗಿದೆ ಎಂದು ಕೇಳುವಿರಿ. ಬಂಡವಾಳಗಾರರ ತವರೆನ್ನುವ ಅಮೆರಿಕದಲ್ಲಿಯೇ ಸಹಾಯಕ ನಿರ್ದೇಶಕರು ನಿರ್ದೇಶಕರ ಸಂಘದ ಸದಸ್ಯರಾಗಿದ್ದಾರೆ. ಅವರ ಕನಿಷ್ಠ ಸಂಬಳ, ಅವಧಿ ಮೀರಿದ ಕೆಲಸದ ಹಣ ಎಲ್ಲವೂ ಸಂಘದ ಕರಾರಿನಲ್ಲಿ ಅಚ್ಚಾಗಿರುತ್ತದೆ. ೨೦೨೩ರಲ್ಲಿ ಅಲ್ಲಿನ ಚಿತ್ರಕಥೆಗಾರರು ೧೪೮ ದಿನ ಮುಷ್ಕರ ಹೂಡಿ ಹೊಸ ಕರಾರು ಪಡೆದರು. ಅಲ್ಲಿ ಸಿನಿಮಾ ಕೆಟ್ಟುಹೋಗಲಿಲ್ಲ. ನಮ್ಮಲ್ಲಿಯೂ ನಿರ್ದೇಶಕರ ಸಂಘವಿದೆ, ಸಿನಿಮಾ ಕಾರ್ಮಿಕರ ಒಕ್ಕೂಟವಿದೆ. ಹೊಸದಾಗಿ ಬಸ್ಸಿಳಿದ ಹುಡುಗನಿಗೆ ಅಲ್ಲಿಗೆ ಹೋಗುವ ದಾರಿ ತೋರಿಸುವವರು ಬೇಕು.

ಈಗ ಕೆಲಸದ ಮಾತು. ಮಗ ಅಥವಾ ಮಗಳು ಈ ದಾರಿ ಹಿಡಿಯುವುದಾದರೆ ತಡೆಯಬೇಡಿ. ಆದರೆ ಇಷ್ಟನ್ನು ಮಾಡಿ. ಕೆಲಸ ಕೊಡಿಸುತ್ತೇನೆಂದು ಹಣ ಕೇಳುವವನಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಕೂಲಿಗೆ ಕರೆಯುವವನು ಕೊಡಬೇಕೇ ಹೊರತು ಕೂಲಿಗೆ ಹೋಗುವವನಲ್ಲ. ಸೇರುವ ಮೊದಲು ಒಂದು ಹಾಳೆಯಲ್ಲಾದರೂ ಚಿತ್ರದ ಹೆಸರು, ನಿರ್ಮಾಪಕರ ವಿಳಾಸ, ಕೆಲಸ, ತಿಂಗಳ ಸಂಬಳ, ಬಾಟಾ, ತೆರೆಯ ಮೇಲೆ ಹೆಸರು ಹಾಕುವ ಒಪ್ಪಿಗೆ ಇಷ್ಟನ್ನು ಬರೆಸಿ ರುಜು ಹಾಕಿಸಿಕೊಳ್ಳಲಿ. ಅದಕ್ಕೆ ಒಪ್ಪದಿದ್ದರೆ ಮೊಬೈಲಿನಲ್ಲಿ ಸಂದೇಶವಾಗಿಯಾದರೂ ಬರಲಿ, ಅದನ್ನು ಅಳಿಸದೆ ಇಟ್ಟುಕೊಳ್ಳಲಿ. ಒಂದು ನೋಟುಬುಕ್ಕಿನಲ್ಲಿ ದಿನಾಲೂ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಏನು ಕೆಲಸ ಮಾಡಿದ ಎಂದು ಬರೆದಿಡಲಿ. ದೃಶ್ಯದ ಲೆಕ್ಕ ಬರೆಯುವ ಕೈಗೆ ತನ್ನ ಲೆಕ್ಕ ಬರೆಯುವುದು ಕಷ್ಟವಲ್ಲ. ಮತ್ತು ತನ್ನ ಮುಖ ತೋರಿಸಿ ಊರಿನಲ್ಲಿ ಯಾರಿಗಾಗಿಯೂ ಸಾಲ ಎತ್ತಿಸಬಾರದು. ಅಂಗಡಿಯವರೂ ಹುಡುಗನ ಮುಖ ನೋಡದೆ ಬಿಲ್ಲಿಗೆ ರುಜು ಹಾಕಿಸಿಕೊಳ್ಳಿ. ಅದು ಹುಡುಗನಿಗೂ ಉಪಕಾರ.

ಒಬ್ಬನೇ ಕೇಳಿದರೆ ತೆಗೆದುಹಾಕುತ್ತಾರೆ, ನಿಜ. ಅದಕ್ಕೇ ಒಬ್ಬನೇ ಕೇಳಬಾರದು. ನಮ್ಮ ಜಿಲ್ಲೆಯಿಂದ ಹೋಗಿ ಅಲ್ಲಿ ಈ ಕೆಲಸದಲ್ಲಿರುವವರು ಎಷ್ಟು ಜನ, ಎಲ್ಲೆಲ್ಲಿದ್ದಾರೆ ಎಂಬ ಪಟ್ಟಿಯನ್ನು ಈ ತಿಂಗಳು ಬರೆಯಲು ಶುರುಮಾಡಿದ್ದೇವೆ. ನಿಮ್ಮ ಮನೆಯವರು, ನೆರೆಮನೆಯವರು ಇದ್ದರೆ ಹೆಸರು ಕೊಡಿ. ಆ ಪಟ್ಟಿಯ ಮೊದಲ ಸಾಲಿನಲ್ಲಿ ನಮ್ಮ ಹಳೆಯ ಶಿಷ್ಯನ ಹೆಸರಿದೆ. ಅವನು ಈಗ ಆ ಕೆಲಸದಲ್ಲಿಲ್ಲದಿದ್ದರೂ, ಹೊಸಬರಿಗೆ ಕರಾರಿನ ಹಾಳೆ ಹೇಗೆ ಬರೆಯಬೇಕೆಂದು ಹೇಳಿಕೊಡಲು ಒಪ್ಪಿದ್ದಾನೆ. ಮಾದರಿಯೊಂದನ್ನು ಬರೆದೂ ಕೊಟ್ಟಿದ್ದಾನೆ. ಅದರ ಪ್ರತಿಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ, ಹೋಗುವಾಗ ತೆಗೆದುಕೊಳ್ಳಿ.

ಸೋಮವಾರ ಬಂದಿದ್ದ ಸ್ನೇಹಿತರಿಗೆ ಕೊನೆಯ ಮಾತು. ಅರವತ್ತು ಸಾವಿರದ ಸಾಲ ಬೇಡ. ಮಗನನ್ನು ಬುಧವಾರ ಸಂಜೆ ನಮ್ಮಲ್ಲಿಗೆ ಕಳಿಸಿ. ಅವನಿಗೆ ನಿಜವಾಗಿಯೂ ಈ ಕೆಲಸ ಬೇಕಾದರೆ, ಆ ಹಾಳೆ ಹಿಡಿದು ನಾವೂ ಅವನ ಜೊತೆ ಬೆಂಗಳೂರಿಗೆ ಹೋಗುತ್ತೇವೆ. ಈ ಸಲ ಸಂಬಳದ ಮಾತನ್ನು ಮೊದಲು ನಾವೇ ಎತ್ತುತ್ತೇವೆ.